ಇಳಿದದ್ದು ಯಾಕೆ?

"ಇಳೀತು ಮೇಡಂ, ಕರೆಂಟ್ ಇಳೀತು!"

ಮಂಗಳವಾರ ಸಂಜೆ, ಎಲೆಕ್ಟ್ರೋಡಿನ ಕರೆಂಟ್ ಅಳೆಯುವ ಪೊಟೆನ್ಶಿಯೋಸ್ಟಾಟ್ ಮುಂದೆ ಕೂತಿದ್ದ ಹುಡುಗ ಎದ್ದೇ ನಿಂತಿದ್ದ. ಹತ್ತು ಪಟ್ಟು ತೆಳು ಮಾಡಿದ ಸೀರಮ್‌ಗೆ ಮಿಲಿಲೀಟರಿಗೆ 5 ನ್ಯಾನೋಗ್ರಾಂನಂತೆ ಸಿಇಎ (ಕೆಲವು ಕ್ಯಾನ್ಸರುಗಳಲ್ಲಿ ರಕ್ತದಲ್ಲಿ ಹೆಚ್ಚುವ ಪ್ರೋಟೀನ್) ಬೆರೆಸಿ, ಚಿನ್ನದ ನ್ಯಾನೋಕಣ ಕೂರಿಸಿದ ಎಲೆಕ್ಟ್ರೋಡಿನ ಮೇಲೆ ಹನಿ ಬಿಟ್ಟಿದ್ದ. ದ್ರಾವಣದ ಫೆರಿಸಯನೈಡ್ ಎಲೆಕ್ಟ್ರೋಡ್ ಮುಟ್ಟಿದಾಗ ಹರಿಯುವ ಕರೆಂಟಿನ ಪೀಕ್ ಕಾಲು ಭಾಗ ಕುಸಿದಿತ್ತು.

ಮೇಡಂ ಪರದೆಯತ್ತ ತಿರುಗಲೂ ಇಲ್ಲ. "ಆಂಟಿಬಾಡಿ ಹಾಕದೇ ಇರೋದ್ರಲ್ಲಿ ಎಷ್ಟು ಇಳೀತು?"

ಸಿಇಎ ಹಿಡಿಯುವ ಆಂಟಿಬಾಡಿಯೇ ಇಲ್ಲದ ಎಲೆಕ್ಟ್ರೋಡಿನ ಆ ಕಂಟ್ರೋಲ್, ಅಂದರೆ ಹೋಲಿಕೆಯ ಅಳತೆ, ಮಾಡಿರಲಿಲ್ಲ. ಮಾಡಿದಾಗ ಅಲ್ಲೂ ಹೆಚ್ಚುಕಡಿಮೆ ಅಷ್ಟೇ ಇಳಿಯಿತು.

ಲೇಬಲ್ (ಗುರುತಿಗೆ ಅಂಟಿಸುವ ಬಣ್ಣ ಅಥವಾ ಕಿಣ್ವ) ಇಲ್ಲದ ಇಂಥ ಸೆನ್ಸರಿನಲ್ಲಿ ಇಳಿಯುವುದೇ ಸಿಗ್ನಲ್. ಪ್ರೋಟೀನ್ ಕೂತು ಮೇಲ್ಮೈ ಮುಚ್ಚಿದರೆ ಫೆರಿಸಯನೈಡಿಗೆ ದಾರಿಯಿಲ್ಲ. ಯಾವ ಪ್ರೋಟೀನ್ ಕೂತಿತು ಅನ್ನುವುದು ಎಲೆಕ್ಟ್ರೋಡಿಗೆ ಬೇಕಿಲ್ಲ. ಸೀರಮ್‌ನಲ್ಲಿ ಆಲ್ಬುಮಿನ್ ಮಿಲಿಲೀಟರಿಗೆ ಸುಮಾರು 40 ಮಿಲಿಗ್ರಾಂ. ಹತ್ತು ಪಟ್ಟು ತೆಳುವಾದರೂ ಆ ಸಿಇಎಗಿಂತ ಎಂಟು ಲಕ್ಷ ಪಟ್ಟು ಹೆಚ್ಚು. ಫೆಮ್ಟೊಗ್ರಾಂವರೆಗೆ ಪತ್ತೆ ಮಾಡಿದೆವು ಎಂದು ಸೀರಮ್ ಇಲ್ಲದ ಬರೀ ಬಫರ್ ದ್ರಾವಣದಲ್ಲಷ್ಟೇ ಅಳೆದು ಬರೆಯುವ ಪ್ರಬಂಧಗಳನ್ನು ಕಂಡರೆ ನನಗೆ ರೇಗುವುದು ಇದಕ್ಕೇ.

ತಪ್ಪು ಎಲೆಕ್ಟ್ರೋಡಿನ ಪಾಲಿಶ್‌ನಲ್ಲಿರಲಿಲ್ಲ. 0.3, ಆಮೇಲೆ 0.05 ಮೈಕ್ರಾನ್ ಅಲುಮಿನಾ; ಪೀಕ್‌ಗಳ ಅಂತರ 75 ಮಿಲಿವೋಲ್ಟ್, ಚೆನ್ನಾಗೇ ಇತ್ತು. ನೋಟ್‌ಬುಕ್ಕಿನ ಮುಂದಿನ ಪುಟದಲ್ಲಿ ಸಿಕ್ಕಿತು: ಆಂಟಿಬಾಡಿಯ ಅಮೈನ್ ಗುಂಪು ಬಂದು ಬೆಸೆಯುವಂತೆ ಮೇಲ್ಮೈ ಸಿದ್ಧ ಮಾಡುವ ಇಡಿಸಿ-ಎನ್‌ಎಚ್‌ಎಸ್ ಆದಮೇಲೆ ಆಂಟಿಬಾಡಿಯನ್ನು ಟ್ರಿಸ್ ಬಫರ್‌ನಲ್ಲಿ ಕಲಸಿದ್ದ. ಟ್ರಿಸ್‌ನಲ್ಲೇ ಅಮೈನ್ ಇದೆ. ಆಂಟಿಬಾಡಿಗೆಂದು ಸಿದ್ಧ ಮಾಡಿದ ಜಾಗವನ್ನೆಲ್ಲ ಅದೇ ಹಿಡಿದು ಕೂರುತ್ತದೆ. ಗ್ಲೈಸಿನ್ ಅಥವಾ ಬಿಎಸ್‌ಎ (ಹಸುವಿನ ಆಲ್ಬುಮಿನ್) ಬೆರೆತೇ ಬರುವ ಆಂಟಿಬಾಡಿ ಬಾಟಲಿಯದೂ ಇದೇ ಪಾಡು. ಅಂದರೆ ಆಂಟಿಬಾಡಿ ಇರುವ ಎಲೆಕ್ಟ್ರೋಡ್ ಎಂದು ಅಳೆದದ್ದೂ ಇಲ್ಲದ ಎಲೆಕ್ಟ್ರೋಡೇ. ಅದರ ಮೇಲೆ ಬಿಎಸ್‌ಎ ಬ್ಲಾಕಿಂಗ್, ಅಂದರೆ ಖಾಲಿ ಜಾಗ ಮುಚ್ಚುವ ಕೆಲಸ, ಬರೀ ಹತ್ತು ನಿಮಿಷ. ಬರಿ ಚಿನ್ನಕ್ಕೆ ಸೀರಮ್ ಅಂಟದೆ ಇನ್ನೇನು?

ಗುರುವಾರ ಮತ್ತೆ ಮೊದಲಿಂದ. ಇಡಿಸಿ ನೀರಿನಲ್ಲಿ ಕೆಡುವುದರಿಂದ ಆಗಷ್ಟೇ ಕಲಸಿದ್ದು. ಆಂಟಿಬಾಡಿ ಈ ಸಲ ಅಮೈನ್ ಇಲ್ಲದ ಬಫರ್ ಪಿಬಿಎಸ್‌ನಲ್ಲಿ, ರಾತ್ರಿಯಿಡೀ 4 ಡಿಗ್ರಿಯಲ್ಲಿ. 5 ಮೈಕ್ರೋಲೀಟರ್ ಹನಿ ಬಯಲಲ್ಲಿಟ್ಟರೆ ಒಣಗಿ ಅಂಚಿಗೆ ಉಂಗುರ ಕಟ್ಟುತ್ತದೆ, ಪ್ರೋಟೀನ್ ಕೆಡುತ್ತದೆ. ಹಾಗಾಗಿ ಒದ್ದೆ ಟಿಶ್ಯೂ ಹಾಸಿದ ಪೆಟ್ರಿ ತಟ್ಟೆಯೊಳಗಿಟ್ಟು ಮುಚ್ಚಿದ. ಮರುದಿನ 1% ಬಿಎಸ್‌ಎ ಒಂದು ಗಂಟೆ, 0.05% ಟ್ವೀನ್-20 ಡಿಟರ್ಜೆಂಟ್ ಇರುವ ಬಫರ್‌ನಲ್ಲಿ ತೊಳೆತ.

ಶುಕ್ರವಾರ ಕಂಟ್ರೋಲ್ ಅಲುಗಾಡಲಿಲ್ಲವೆನ್ನಬಹುದು. ಸೆನ್ಸರಿನದು ಇಳಿಯಿತು, ಆದರೆ ಮಂಗಳವಾರದ ಅರ್ಧದಷ್ಟೇ. ಹುಡುಗನ ಮುಖವೂ ಇಳಿಯಿತು. ನನಗೆ ಆ ಅರ್ಧದ ಮೇಲೇ ನಂಬಿಕೆ.

ಮೇಡಂ ಈ ಸಲ ಪರದೆ ನೋಡಿದರು. "ಸಿಇಎ ಬದಲು ಬೇರೆ ಪ್ರೋಟೀನ್, ಪಿಎಸ್‌ಎ ಹಾಕಿದರೆ ಎಷ್ಟು ಇಳಿಯುತ್ತೆ?"