ಮೂರು ಜನರ ಮನೆಗೆ ನಾಲ್ಕು ಜನರ ಪೆಟ್ಟಿಗೆ

ಭಾನುವಾರ, ಫೆಬ್ರುವರಿ 9, 2025
ನೋವೈ, ಮಿಷಿಗನ್

ಮುಂದಿನ ಶನಿವಾರ ಬರಬೇಕಾದ ಅಡುಗೆ ಪೆಟ್ಟಿಗೆ ಬೇಡವೆನ್ನುವುದಿದ್ದರೆ ಇವತ್ತು ರಾತ್ರಿಯೊಳಗೆ ಹೇಳಬೇಕು. ಹೇಳದಿದ್ದರೆ ಕಂಪನಿಯೇ ನಮ್ಮ ಪರವಾಗಿ ಮೂರು ಊಟ ಆರಿಸಿ, ಕಾರ್ಡಿನಿಂದ ಹಣ ಮುರಿದುಕೊಂಡು ಕಳಿಸಿಬಿಡುತ್ತದೆ. ಇಲ್ಲಿಯ ಅರ್ಧ ಜನ ಅಮೆರಿಕನ್ ಫುಟ್‌ಬಾಲಿನ ಅಂತಿಮ ಪಂದ್ಯ ಸೂಪರ್ ಬೌಲ್ ನೋಡುತ್ತ ಕುಳಿತಿರುವ ಹೊತ್ತಿನಲ್ಲಿ ನಾನು ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಲೆಕ್ಕ ಹಾಕುತ್ತಿದ್ದೇನೆ. ಪೆಟ್ಟಿಗೆ ಮುಂದುವರಿಸುವುದೋ ನಿಲ್ಲಿಸುವುದೋ ಎಂಬುದು ನವೆಂಬರಿನಿಂದ ಮುಂದೂಡುತ್ತ ಬಂದ ತೀರ್ಮಾನ. ಇವತ್ತು ಮುಗಿಸಿಯೇ ಮಲಗುವುದು.

ಮೀಲ್ ಕಿಟ್ ಎಂದರೇನು ಎಂದು ಊರಿನವರು ಕೇಳುತ್ತಿರುತ್ತಾರೆ. ಅದು ತಯಾರಾದ ಊಟವೂ ಅಲ್ಲ, ಬರೀ ದಿನಸಿಯೂ ಅಲ್ಲ. ಒಂದು ಹೊತ್ತಿನ ಅಡುಗೆಗೆ ಬೇಕಾದ ಸಾಮಾನನ್ನು ಅಳೆದು ತೂಗಿ ಕಂದು ಕಾಗದದ ಚೀಲಕ್ಕೆ ಹಾಕಿ, ಮಾಡುವ ಕ್ರಮವನ್ನು ಚಿತ್ರಸಹಿತ ಅಚ್ಚು ಹಾಕಿದ ಕಾರ್ಡನ್ನು ಜೊತೆಗಿಟ್ಟು ಕಳಿಸುತ್ತಾರೆ. ಹೆಚ್ಚುವುದು, ಬೇಯಿಸುವುದು, ಪಾತ್ರೆ ತೊಳೆಯುವುದು ನಮ್ಮ ಪಾಲು. ನಿನ್ನೆ ಬಂದ ಚೀಲವೊಂದನ್ನು ಕಟ್ಟೆಯ ಮೇಲೆ ಸುರಿದೆ: ನಾಲ್ಕು ಎಸಳು ಬೆಳ್ಳುಳ್ಳಿ, ಹೆಬ್ಬೆರಳಿನಷ್ಟು ಶುಂಠಿ, ನಾಲ್ಕು ಎಳೆ ಈರುಳ್ಳಿ ಸೊಪ್ಪು, ಎರಡು ಹಸಿರು ಲಿಂಬೆ, ಬೇಯಿಸಿದ ಕಡಲೆಕಾಳಿನ ಪೊಟ್ಟಣ, ಒಂದೊಂದು ಚಮಚ ಹಿಡಿಸುವ ಸೋಯಾ ಸಾಸಿನ ಪುಟ್ಟ ಪೊಟ್ಟಣಗಳು, ಯಾವ ಮಸಾಲೆ ಎಂದು ಮೂಸಿದರೂ ತಿಳಿಯದ ಕೆಂಪು ಪುಡಿ, ಮತ್ತು ಸೋರ್ ಕ್ರೀಮ್ ಎಂಬ ಹುಳಿ ಕೆನೆ. ಈ ಸೋರ್ ಕ್ರೀಮ್ ಇಲ್ಲದ ಸಸ್ಯಾಹಾರಿ ಊಟವನ್ನು ಈ ಕಂಪನಿ ಇನ್ನೂ ಕಂಡುಹಿಡಿದಿಲ್ಲ. ಉಪ್ಪು, ಎಣ್ಣೆ, ಮೆಣಸಿನ ಪುಡಿ ಮಾತ್ರ ನಿಮ್ಮದು ಎಂದು ಕಾರ್ಡಿನಲ್ಲಿ ಬರೆದಿರುತ್ತದೆ.

ಹಾಸನದಿಂದ ಅಮ್ಮ ವಿಡಿಯೊದಲ್ಲಿ ಇದನ್ನೆಲ್ಲ ನೋಡಿ, "ಬೆಳ್ಳುಳ್ಳಿ ಎಸಳನ್ನೂ ಎಣಿಸಿ ಕಳಿಸುತ್ತಾರೆಯೇ? ಬೀಗರ ಮನೆಯವರೂ ಇಷ್ಟು ಲೆಕ್ಕ ಇಡುವುದಿಲ್ಲ" ಎಂದರು.

ಶುರುವಾದದ್ದು ನನ್ನಾಕೆಯ ಪಾಳಿಯಿಂದ. ಆಸ್ಪತ್ರೆಯಲ್ಲಿ ಕೆಲವು ವಾರ ಹಗಲು, ಕೆಲವು ವಾರ ರಾತ್ರಿ. ನನ್ನ ಕಚೇರಿ ಮುಗಿಯುವುದು ಆರಕ್ಕೆ. ಮಗಳಿಗೆ ಏಳಕ್ಕೆ ಹಸಿವು, ಏಳೂಕಾಲಕ್ಕೆ ಸಿಟ್ಟು. ಪಕ್ಕದ ಮನೆಯವರು ಒಂದು ರಿಯಾಯಿತಿ ಚೀಟಿ ಕೊಟ್ಟರು. ಮೊದಲ ಪೆಟ್ಟಿಗೆ ಅರ್ಧಕ್ಕಿಂತ ಕಡಿಮೆ ಬೆಲೆಗೆ ಬಂತು. ಎರಡನೆಯದಕ್ಕೆ ಸ್ವಲ್ಪ ಕಡಿಮೆ ರಿಯಾಯಿತಿ, ಮೂರನೆಯದಕ್ಕೆ ಇನ್ನೂ ಕಡಿಮೆ. ರಿಯಾಯಿತಿ ಪೂರ್ತಿ ಕರಗಿದ ಹೊತ್ತಿಗೆ ಪೆಟ್ಟಿಗೆ ಬರುವುದು ರೂಢಿಯಾಗಿತ್ತು.

ಈ ಉಪಾಯ ನಮ್ಮ ಕಂಪನಿಯೊಂದರದೇ ಅಲ್ಲ, ಇಡೀ ಉದ್ಯಮ ಅದರ ಮೇಲೆಯೇ ನಿಂತಿದೆ. ಈ ವ್ಯಾಪಾರ ಮೊದಲು ಬೇರೂರಿದ್ದು ಸ್ವೀಡನ್ನಿನಲ್ಲಿ, 2007-08ರ ಸುಮಾರಿಗೆ. ಬರ್ಲಿನ್ನಿನಲ್ಲಿ ಹಲೋಫ್ರೆಶ್ ಹುಟ್ಟಿದ್ದು 2011ರಲ್ಲಿ, ನ್ಯೂಯಾರ್ಕಿನ ಬ್ಲೂ ಏಪ್ರನ್ 2012ರಲ್ಲಿ. ಬ್ಲೂ ಏಪ್ರನ್ 2017ರ ಜೂನ್ ಕೊನೆಗೆ ಷೇರು ಮಾರುಕಟ್ಟೆಗೆ ಬಂತು. ಅದೇ ತಿಂಗಳು ಅಮೆಜಾನ್ ತಾನು ದಿನಸಿ ಅಂಗಡಿಗಳ ಸರಣಿ ಹೋಲ್ ಫುಡ್ಸ್ ಕೊಳ್ಳುವುದಾಗಿ ಘೋಷಿಸಿತ್ತು. ಆ ಪೈಪೋಟಿಯ ಅಂಜಿಕೆಯ ನಡುವೆ, 15ರಿಂದ 17 ಡಾಲರಿಗೆ ಮಾರಬೇಕೆಂದಿದ್ದ ಷೇರನ್ನು 10 ಡಾಲರಿಗೆ ಇಳಿಸಿಯೇ ಬ್ಲೂ ಏಪ್ರನ್ ಬಾಗಿಲು ತೆರೆಯಬೇಕಾಯಿತು. ಆರು ವರ್ಷದ ನಂತರ, 2023ರಲ್ಲಿ, ಇಡೀ ಕಂಪನಿ ಸುಮಾರು 10 ಕೋಟಿ ಡಾಲರಿಗೆ ಬೇರೆಯವರ ಕೈಸೇರಿತು. ಕೊರೊನಾ ಕಾಲದಲ್ಲಿ ಮನೆಯೊಳಗೆ ಕುಳಿತ ಜನರಿಂದ ಕೊಬ್ಬಿದ ಹಲೋಫ್ರೆಶ್ 2021ರಲ್ಲಿ ಜರ್ಮನಿಯ ದೊಡ್ಡ ಕಂಪನಿಗಳ ಡ್ಯಾಕ್ಸ್ ಸೂಚ್ಯಂಕವನ್ನು ಸೇರಿ, ಮರುವರ್ಷವೇ ಹೊರಬಿತ್ತು. ರಿಯಾಯಿತಿಗೆ ಬಂದವರು ರಿಯಾಯಿತಿ ಮುಗಿದಾಗ ಹೋಗುತ್ತಾರೆ. ಅವರ ಜಾಗಕ್ಕೆ ಹೊಸಬರನ್ನು ತರಲು ಮತ್ತೆ ರಿಯಾಯಿತಿ ಕೊಡಬೇಕು. ಹೋಗದೆ ಉಳಿದ ನಮ್ಮಂಥವರು ಆ ಹೊಸಬರ ಅಗ್ಗದ ಊಟಕ್ಕೂ ಸೇರಿಸಿ ಕೊಡುತ್ತಿದ್ದೇವೆ ಎಂಬ ಅನುಮಾನ ನನಗಿದೆ.

ನಮ್ಮ ಲೆಕ್ಕ ಹೀಗಿದೆ. ಪೆಟ್ಟಿಗೆ ಎರಡು ಜನಕ್ಕೆ ಸಿಗುತ್ತದೆ, ನಾಲ್ಕು ಜನಕ್ಕೆ ಸಿಗುತ್ತದೆ. ಮೂರು ಜನಕ್ಕೆ ಇಲ್ಲ. ಹಾಗಾಗಿ ನಾವು ನಾಲ್ಕು ಜನರದ್ದನ್ನು ಹಿಡಿದೆವು. ವಾರಕ್ಕೆ ಮೂರು ಊಟ ಎಂದರೆ ಹನ್ನೆರಡು ತಟ್ಟೆ. ತಟ್ಟೆಗೆ ಸುಮಾರು 9 ಡಾಲರ್, ಮೇಲೆ ಸಾಗಣೆಗೆ 11. ಒಟ್ಟು 120ರ ಹತ್ತಿರ. ಅಂದರೆ ಸಾಗಣೆ ಸೇರಿ ತಟ್ಟೆಗೆ 10 ಡಾಲರ್. ಹತ್ತಿರದ ಕ್ಯಾಂಟನ್ ಊರಿನ ಭಾರತೀಯ ಅಂಗಡಿಗೆ ಅಷ್ಟು ಹಣ ಹಿಡಿದು ಹೋದರೆ 20 ಪೌಂಡಿನ ಸೋನಾ ಮಸೂರಿ ಚೀಲ, ತೊಗರಿಬೇಳೆ, ಹೆಸರುಬೇಳೆ, ಹುಣಸೆಹಣ್ಣು, ಎರಡು ವಾರದ ತರಕಾರಿ ತಂದು ಚಿಲ್ಲರೆಯನ್ನೂ ಉಳಿಸಬಹುದು. ಅಲ್ಲಿಗೆ ಮಾತು ಮುಗಿಯಿತು ಎಂದು ಊರಿನ ಗೆಳೆಯರು ಹೇಳುತ್ತಾರೆ.

ನಾನು ಹಾಗೆನ್ನುವುದಿಲ್ಲ. ದಣಿದು ಬಂದ ರಾತ್ರಿ ನಾವು ಅನ್ನ ಸಾರು ಮಾಡುತ್ತಿರಲಿಲ್ಲ, ಹೊರಗಿನಿಂದ ತರಿಸುತ್ತಿದ್ದೆವು. ಮೂವರಿಗೆ ಥಾಯ್ ಊಟ ತರಿಸಿದರೆ ಸಾಗಣೆ, ಟಿಪ್ಸ್ ಎಲ್ಲ ಸೇರಿ 60 ಡಾಲರ್. ಪೆಟ್ಟಿಗೆ ಆ 60ರ ಜಾಗಕ್ಕೆ ಬಂದರೆ ಲಾಭ. ಸಾರಿನ ಜಾಗಕ್ಕೆ ಬಂದರೆ ನಷ್ಟ. ಹಾಗಾದರೆ ಯಾವುದರ ಜಾಗಕ್ಕೆ ಬಂತು ಎಂದು ತಿಳಿಯಲು ಬ್ಯಾಂಕಿನ ಪಟ್ಟಿ ತೆಗೆದು ನೋಡಿದೆ. ನವೆಂಬರಿನಿಂದ ಈಚೆಗೆ ಹೊರಗಿನ ಊಟದ ಖರ್ಚು ಹೆಚ್ಚುಕಡಿಮೆ ಮೊದಲಿನಷ್ಟೇ ಇದೆ.

ಯಾಕೆಂದು ಯೋಚಿಸಿದರೆ ಕಾರಣ ಕಣ್ಣೆದುರಿಗೇ ಇದೆ. ಕಾರ್ಡಿನ ಮೇಲೆ 30 ನಿಮಿಷ ಎಂದಿರುತ್ತದೆ. ಸೊಪ್ಪು ತೊಳೆಯುವುದು, ಗೆಣಸಿನ ಸಿಪ್ಪೆ ಹೆರೆಯುವುದು, ಲಿಂಬೆಯ ಸಿಪ್ಪೆ ತುರಿಯುವುದು ಆ ಮೂವತ್ತರಲ್ಲಿ ಸೇರಿಲ್ಲ. ಒಲೆಯ ಮೇಲೆ ಎರಡು ಬಾಣಲೆ, ಅವನ್‌ನಲ್ಲಿ ಒಂದು ತಟ್ಟೆ, ಸಾಸ್ ಕಲಸಲು ಎರಡು ಬಟ್ಟಲು. ನನ್ನ ಕೈಯಲ್ಲಿ ಮುಕ್ಕಾಲು ಗಂಟೆಗೆ ಮೊದಲು ಮುಗಿದದ್ದು ಅಪರೂಪ. ನಿಜವಾಗಿ ದಣಿದ ರಾತ್ರಿ ಮುಕ್ಕಾಲು ಗಂಟೆ ನಿಲ್ಲುವ ಶಕ್ತಿ ಯಾರಿಗಿದೆ? ಆ ರಾತ್ರಿ ಮತ್ತೆ ಥಾಯ್ ಊಟವೇ ಬರುತ್ತದೆ. ಇತ್ತ ಪೆಟ್ಟಿಗೆಯ ಪಾಲಕ್ ಬಾಡುತ್ತಿರುತ್ತದೆ. ಅದು ಹಾಳಾಗುವ ಮೊದಲು ಮುಗಿಸಬೇಕೆಂಬ ಅವಸರದಲ್ಲಿ, ಕೈಕಾಲು ಗಟ್ಟಿಯಿದ್ದ ಶನಿವಾರ ಭಾನುವಾರವೇ ಆ ಚೀಲ ಒಡೆಯುತ್ತೇವೆ. ಹುಳಿ, ಪಲ್ಯ ಮಾಡಬೇಕಾಗಿದ್ದ ದಿನಗಳವು. ಬೇಕಾದ ದಿನ ಒದಗದೆ, ಬೇಡದ ದಿನವನ್ನು ಆಕ್ರಮಿಸಿಕೊಳ್ಳುವ ನೆಂಟನಂತಾಗಿದೆ ಇದು.

ಇನ್ನೊಂದು ವಿಷಯ ಅರ್ಥವಾಗಲು ನನಗೆ ಸ್ವಲ್ಪ ಸಮಯ ಹಿಡಿಯಿತು. ಈ ಪೆಟ್ಟಿಗೆಯ ಊಟಗಳು ಒಂದಕ್ಕೊಂದು ಪರಿಚಯವಿಲ್ಲದವು. ಒಂದು ಚೀಲ ಒಡೆದರೆ ಆ ಊಟ ಅಲ್ಲಿಗೆ ಮುಗಿಯಿತು. ನಾಳೆಗೆ ಏನೂ ಉಳಿಯದು, ನಿನ್ನೆಯದು ಯಾವುದೂ ಇದಕ್ಕೆ ಒದಗದು. ನಮ್ಮ ಅಡುಗೆ ನಡೆಯುವ ರೀತಿ ಬೇರೆ. ಹೆಸರುಕಾಳು ಬೇಯಿಸಿ ಬಸಿದರೆ ಕಾಳು ಪಲ್ಯಕ್ಕೆ, ಕಟ್ಟು ಬಸ್ಸಾರಿಗೆ. ಮಿಕ್ಕ ಅನ್ನ ಬೆಳಿಗ್ಗೆ ಚಿತ್ರಾನ್ನ. ರುಬ್ಬಿದ ಹಿಟ್ಟು ಮೊದಲ ದಿನ ಇಡ್ಲಿ, ಮರುದಿನ ದೋಸೆ, ಹುಳಿ ಏರಿದ ಮೇಲೆ ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಪಡ್ಡು. ಮಿಷಿಗನ್ನಿನ ಚಳಿಯಲ್ಲಿ ಹಿಟ್ಟು ಹುದುಗಲು ಅವನ್‌ನ ದೀಪ ಹಾಕಿ ರಾತ್ರಿಯಿಡೀ ಒಳಗಿಡಬೇಕು ಎಂಬುದೊಂದೇ ಕಷ್ಟ. ಒಂದು ದಿನದ ಶ್ರಮ ಮೂರು ದಿನ ಹರಿಯುತ್ತದೆ. ದಣಿದ ರಾತ್ರಿಗೆ ಆಸರೆಯಾಗುವುದು ಫ್ರಿಜ್ಜಿನಲ್ಲಿರುವ ಆ ಹಿಟ್ಟಿನ ಪಾತ್ರೆಯೇ. ಪೆಟ್ಟಿಗೆ ಬರತೊಡಗಿದ ಮೇಲೆ ಹಿಟ್ಟಿನ ಪಾತ್ರೆ ಇಡುತ್ತಿದ್ದ ಜಾಗದಲ್ಲಿ ಕಂದು ಚೀಲಗಳು ಕುಳಿತವು. ಹಿಟ್ಟು ರುಬ್ಬುವುದು ತಾನಾಗಿ ಕಡಿಮೆಯಾಯಿತು. ಎಂದರೆ ದಣಿದ ರಾತ್ರಿಗೆ ದೋಸೆಯೂ ಇಲ್ಲ.

ಹಾಗೆ ನೋಡಿದರೆ ಅರ್ಧ ಕೆಲಸ ಮಾಡಿಕೊಡುವ ಪೊಟ್ಟಣ ನಮಗೇನೂ ಹೊಸದಲ್ಲ. 1924ರಲ್ಲಿ ಬೆಂಗಳೂರಿನಲ್ಲಿ ಹೋಟೆಲಾಗಿ ಶುರುವಾದ ಎಂ.ಟಿ.ಆರ್. 1975ರ ತುರ್ತುಪರಿಸ್ಥಿತಿಯ ಕಾಲಕ್ಕೆ ದಿನಸಿ, ಪೊಟ್ಟಣಗಳ ವ್ಯಾಪಾರಕ್ಕಿಳಿಯಿತು. 2005ರಿಂದ ಐಡಿ ಕಂಪನಿ ಬೆಂಗಳೂರಿನಲ್ಲಿ ಇಡ್ಲಿ ದೋಸೆಯ ಹಿಟ್ಟನ್ನೇ ಚೀಲದಲ್ಲಿ ಮಾರಿ ಬೆಳೆಯಿತು. ಆದರೆ ಇವರು ಮಾರಿದ್ದು ಎಲ್ಲರಿಗೂ ಬೇಸರ ತರುವ ಭಾಗವನ್ನು: ಹುರಿಯುವುದು, ಕುಟ್ಟುವುದು, ರುಬ್ಬುವುದು. ಮುಂದಿನ ಅಡುಗೆಯನ್ನು ಮನೆಗೆ ಬಿಟ್ಟರು. ಇಲ್ಲಿಯ ಪೆಟ್ಟಿಗೆ ಮಾತ್ರ ಹೆಚ್ಚುವ ಬೇಸರವನ್ನೆಲ್ಲ ನಮಗೇ ಬಿಟ್ಟು, ಏನು ಮಾಡಬೇಕೆಂದು ನಿರ್ಧರಿಸುವ ಕೆಲಸವನ್ನು ತಾನು ಇಟ್ಟುಕೊಂಡಿದೆ. "ಇವತ್ತು ಏನು ಅಡುಗೆ?" ಎಂಬ ಪ್ರಶ್ನೆಯಿಂದ ಬಿಡುಗಡೆ ಸಿಗುತ್ತದೆ, ನಿಜ. ಅದು ಸಣ್ಣ ಬಿಡುಗಡೆಯೂ ಅಲ್ಲ. ಆದರೆ ವಾರಕ್ಕೆ 120 ಡಾಲರ್ ಬಾಳುವುದೇ?

ಕಸದ ಮಾತು. ಪೆಟ್ಟಿಗೆ ಒಡೆದ ದಿನ ಮನೆಯೆಲ್ಲ ರಟ್ಟು, ಪ್ಲಾಸ್ಟಿಕ್. ಅದನ್ನು ನೋಡಿದವರೆಲ್ಲ ಪರಿಸರಕ್ಕೆ ಇದು ಮಾರಿಯೆಂದು ತೀರ್ಪು ಕೊಡುತ್ತಾರೆ. ನಾನೂ ಹಾಗೆಯೇ ನಂಬಿದ್ದೆ. ಇಲ್ಲೇ ಪಕ್ಕದ ಆ್ಯನ್ ಆರ್ಬರಿನ ಮಿಷಿಗನ್ ವಿಶ್ವವಿದ್ಯಾಲಯದವರು 2019ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಹೇಳುತ್ತದೆ. ಸಾಲ್ಮನ್, ಚೀಸ್‌ಬರ್ಗರ್, ಕೋಳಿ, ಪಾಸ್ತಾ, ಸಲಾಡ್ ಎಂಬ ಐದು ಊಟಗಳನ್ನು ಪೆಟ್ಟಿಗೆಯಿಂದಲೂ ಅಂಗಡಿ ಸಾಮಾನಿನಿಂದಲೂ ಮಾಡಿದರೆ ಏನಾಗುತ್ತದೆಂದು ಅವರು ಹೋಲಿಸಿದರು. ಹಸಿರುಮನೆ ಅನಿಲದ ಲೆಕ್ಕದಲ್ಲಿ ಪೆಟ್ಟಿಗೆಯ ಊಟಕ್ಕೆ ಸರಾಸರಿ 6.1 ಕಿಲೋ, ಅಂಗಡಿಯದಕ್ಕೆ 8.1 ಕಿಲೋ. ಕಾರಣ, ಅಳೆದು ಕಳಿಸಿದ ಸಾಮಾನಿನಲ್ಲಿ ಪೋಲಾಗುವುದು ಕಡಿಮೆ. ಅಂಗಡಿಯಲ್ಲಿ ಕೊಳೆಯುವುದು, ಮನೆಯ ಫ್ರಿಜ್ಜಿನಲ್ಲಿ ಕೊಳೆಯುವುದು ಎರಡೂ ತಪ್ಪುತ್ತವೆ. ಆ ಉಳಿತಾಯದ ಮುಂದೆ ರಟ್ಟಿನ ಪಾಲು ಚಿಕ್ಕದು. ಈ ದೇಶದಲ್ಲಿ ಆಹಾರದ ಶೇಕಡ 30ರಿಂದ 40ರಷ್ಟು ಪೋಲಾಗುತ್ತದೆಂದು ಸರ್ಕಾರವೇ ಅಂದಾಜು ಮಾಡಿರುವಾಗ ಈ ಮಾತನ್ನು ತಳ್ಳಿಹಾಕುವಂತಿಲ್ಲ.

ಒಪ್ಪುತ್ತೇನೆ, ಆದರೆ ಪೂರ್ತಿಯಾಗಿ ಅಲ್ಲ. ಆ ಐದು ಊಟಗಳಲ್ಲಿ ಮೂರು ನಮ್ಮ ಮನೆಯಲ್ಲಿ ಆಗುವುದೇ ಇಲ್ಲ. ಕೊತ್ತಂಬರಿ ಕಟ್ಟು ತಂದರೆ ಎಲೆ ಸಾರಿಗೆ, ದಂಟು ಚಟ್ನಿಗೆ. ಹೀರೇಕಾಯಿಯ ಸಿಪ್ಪೆಯನ್ನೂ ಬಿಡದ ಮನೆ ನಮ್ಮದು. ಪೋಲು ಮಾಡುವವರಿಗೆ ಪೆಟ್ಟಿಗೆಯಿಂದ ಆಗುವಷ್ಟು ಉಳಿತಾಯ ನಮಗೆ ಆಗಲಾರದು. ಇನ್ನು ಸಾಮಾನು ತಣ್ಣಗಿರಲೆಂದು ಪೆಟ್ಟಿಗೆಯಲ್ಲಿಡುವ ಆ ಹಿಮದ ಚೀಲಗಳು. ಹೊರಗೆ ಸೊನ್ನೆಗಿಂತ ಕೆಳಗಿನ ಚಳಿ, ಮೆಟ್ಟಿಲ ಮೇಲಿನ ಪೆಟ್ಟಿಗೆಯೊಳಗೆ ಕಲ್ಲಾಗಿ ಕುಳಿತ ಎರಡು ಹಿಮದ ಚೀಲ! ಒಳಗಿರುವುದು ಮಕ್ಕಳ ಡೈಪರಿನಲ್ಲಿರುವಂಥದೇ, ನೀರು ಹೀರಿ ಲೋಳೆಯಾಗುವ ಸೋಡಿಯಂ ಪಾಲಿಅಕ್ರಿಲೇಟ್. ಸಿಂಕಿಗೆ ಸುರಿದರೆ ಕೊಳವೆ ಕಟ್ಟಿಕೊಳ್ಳುತ್ತದೆ. ಕತ್ತರಿಯಿಂದ ಚೀಲ ಕತ್ತರಿಸಿ, ಕರಗಿದ ಲೋಳೆಯನ್ನು ಕಸಕ್ಕೆ ಹಾಕಿ, ಪ್ಲಾಸ್ಟಿಕ್ಕನ್ನು ತೊಳೆದು ಬೇರೆಯಿಡಬೇಕು. ವಾರವಾರವೂ ಈ ಕೆಲಸ ನನ್ನದು. ಇದಕ್ಕೆ ಹಿಡಿಯುವ ಸಮಯವೂ ಕಾರ್ಡಿನ 30 ನಿಮಿಷದಲ್ಲಿ ಸೇರಿಲ್ಲ.

ಇಷ್ಟೆಲ್ಲ ಬರೆದ ಮೇಲೆ ಪೂರ್ತಿ ನಿಲ್ಲಿಸಬೇಕು. ನಿಲ್ಲಿಸಲು ಅಡ್ಡವಾಗಿರುವವಳು ಮಗಳು.

ಹದಿನೈದರ ಹುಡುಗಿ. ಅಡುಗೆಮನೆಗೆ ಬಾ ಎಂದರೆ ಪಾಠವಿದೆ ಎನ್ನುತ್ತಿದ್ದಳು. ನನ್ನ ಪಾಠವಾದರೂ ಎಂಥದು? "ಸ್ವಲ್ಪ ಹುಣಸೆಹಣ್ಣು ಹಾಕು." ಎಷ್ಟು? "ನೋಡಿಕೊಂಡು." ಏನನ್ನು ನೋಡಿಕೊಂಡು? ಅದಕ್ಕೆ ನನ್ನಲ್ಲಿ ಉತ್ತರವಿಲ್ಲ, ನಮ್ಮಮ್ಮನಲ್ಲೂ ಇರಲಿಲ್ಲ. ಕಾರ್ಡಿನಲ್ಲಿ ಆ ತಕರಾರಿಲ್ಲ. ಆರು ಚಿತ್ರ, ಆರು ಹೆಜ್ಜೆ, ಅಳೆದಿಟ್ಟ ಸಾಮಾನು. ಡಿಸೆಂಬರಿನ ಒಂದು ರಾತ್ರಿ ನಾನು ಬರುವಷ್ಟರಲ್ಲಿ ಅವಳೇ ಚೀಲ ಒಡೆದು ಈರುಳ್ಳಿ ಹೆಚ್ಚುತ್ತಿದ್ದಳು, ಕಣ್ಣಿಗೆ ಈಜುವ ಕನ್ನಡಕ ಹಾಕಿಕೊಂಡು. ಆ ಮೇಲೆ ತಾಯಿಯ ರಾತ್ರಿ ಪಾಳಿಯ ವಾರಗಳಲ್ಲಿ ಅವಳೇ ಮುಂದೆ ನಿಂತಳು. ಈಗ ಕಾರ್ಡಿನ ಮೇಲೆ ಪೆನ್ಸಿಲಿನಲ್ಲಿ ತಿದ್ದುಪಡಿ ಬರೆಯುತ್ತಾಳೆ. ಒಂದರಲ್ಲಿ ಸೋರ್ ಕ್ರೀಮ್ ಹೊಡೆದುಹಾಕಿ ಮೊಸರು ಎಂದು ಬರೆದಿದ್ದಾಳೆ. ಇನ್ನೊಂದರ ಕೆಳಗೆ, "ಅಜ್ಜಿಯ ಚಟ್ನಿಪುಡಿ, 2 ಚಮಚ. ಕಡ್ಡಾಯ." ಹೋದ ವಾರ ಹುಳಿ ಮಾಡುವುದನ್ನೂ ಹೀಗೆ ಬರೆದುಕೊಡು ಎಂದು ಕೇಳಿದಳು. ಬರೆದುಕೊಡಲು ಕುಳಿತಾಗ ನನಗೆ ಜೀವನದಲ್ಲಿ ಮೊದಲ ಬಾರಿಗೆ ಹುಣಸೆಹಣ್ಣನ್ನು ತೂಗಬೇಕಾಯಿತು. ನಾಲ್ಕು ಜನರ ಹುಳಿಗೆ 15 ಗ್ರಾಂ, ಹಳೆಯ ಹುಣಸೆಯಾದರೆ ಇನ್ನೂ ಸ್ವಲ್ಪ ಕಡಿಮೆ.

ನನ್ನಾಕೆಯನ್ನು ಕೇಳಿದರೆ, "ರಾತ್ರಿ ಪಾಳಿಯ ವಾರ ನೀವಿಬ್ಬರೇ ತಾನೇ ಉಣ್ಣುವುದು? ಎರಡು ಜನರದ್ದೇ ತರಿಸಿ. ಉಳಿದ ವಾರ ನನಗೆ ನನ್ನ ಸಾರು ಕೊಡಿ" ಎಂದಳು. ಲ್ಯಾಪ್‌ಟಾಪಿಲ್ಲದೆ ಆಗಬಹುದಾಗಿದ್ದ ತೀರ್ಮಾನ.

ಗಡುವಿಗೆ ಇನ್ನೂ ಸಮಯವಿದೆ. ಚಂದಾ ರದ್ದು ಮಾಡುವ ಗುಂಡಿಯನ್ನು ಹುಡುಕಲು ಹೋಗಿ ನಾಲ್ಕು ಪುಟ ದಾಟಿದೆ. ಪ್ರತಿ ಪುಟದಲ್ಲೂ "ಹೋಗಬೇಡಿ" ಎಂಬ ಹೊಸ ರಿಯಾಯಿತಿ. ಸೇರುವಷ್ಟೇ ಸುಲಭವಾಗಿ ಬಿಡಲೂ ಆಗಬೇಕೆಂದು ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ 2024ರ ಅಕ್ಟೋಬರಿನಲ್ಲಿ ನಿಯಮ ಪ್ರಕಟಿಸಿದ್ದು ಸುಮ್ಮನೆ ಅಲ್ಲ. ಕೊನೆಗೆ ರದ್ದು ಮಾಡಲಿಲ್ಲ. ನಾಲ್ಕು ಜನರ ಯೋಜನೆಯನ್ನು ಎರಡಕ್ಕೆ ಇಳಿಸಿ, ಹಗಲು ಪಾಳಿಯ ವಾರಗಳಿಗೆಲ್ಲ ಬೇಡ ಎಂದು ಗುರುತು ಹಾಕಿದೆ. ಮುಂದಿನ ಪೆಟ್ಟಿಗೆ ಮಾರ್ಚ್ ಎರಡನೇ ವಾರಕ್ಕೆ. ಅದರ ಊಟಗಳನ್ನು ಮಗಳು ಆಗಲೇ ಆರಿಸಿಯಾಗಿದೆ: ಎರಡು ಅಣಬೆಯವು, ಒಂದು ಬದನೆಕಾಯಿಯದು. ಅಣಬೆ ನನಗೆ ಆಗುವುದಿಲ್ಲ ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿದೆ.