ಪರದೆ 100 ಅಂದರೆ ತೆರೆದಿದ್ದಾ, ಮುಚ್ಚಿದ್ದಾ?

ಟೆಸ್ಟ್ ಮಾಡುವ ಕೋಣೆಯಲ್ಲಿ ನಿಂತು ‘ಪರದೆ ಪೂರ್ತಿ ಮುಚ್ಚು’ ಅಂದೆ. ‘ಆಯ್ತು, ಮುಚ್ಚಿದ್ದೇನೆ’ ಅಂತ ಮನೆಯ ಉಪಕರಣಗಳನ್ನು ನಡೆಸುವ ಎಐ ಏಜೆಂಟ್ ಉತ್ತರ ಕೊಟ್ಟಿತು. ನನ್ನ ಕಣ್ಣೆದುರೇ ಪರದೆ ಪೂರ್ತಿ ತೆರೆದುಕೊಂಡಿತು.

ಯಾರ ತಪ್ಪು ಅಂತ ಹುಡುಕುತ್ತಾ ಹೋದರೆ ಕೊನೆಗೆ ಸಿಕ್ಕಿದ್ದು ನಾನೇ. ಸ್ಮಾರ್ಟ್ ಹೋಮ್ ಉಪಕರಣಗಳ ಡಾಕ್ಯುಮೆಂಟೇಶನ್ ಬರೆಯುವುದು ನನ್ನ ಕೆಲಸ. ಮೊದಲೆಲ್ಲ ಡೆವಲಪರ್‌ಗಳು ಓದುತ್ತಿದ್ದರು, ಈಗ ಎಐ ಏಜೆಂಟ್ ಓದುತ್ತದೆ. ಪರದೆಯ ಟೂಲಿಗೆ, ಅಂದರೆ ಏಜೆಂಟ್ ಪರದೆ ಆಡಿಸಲು ಬಳಸುವ ಆದೇಶಕ್ಕೆ, ನಾನು ಬರೆದಿದ್ದ ವಿವರಣೆ ಇಷ್ಟೇ: ‘ಪರದೆಯ ಸ್ಥಾನ, 0ರಿಂದ 100.’ ಜಿಗ್‌ಬೀ, ಮ್ಯಾಟರ್ ಅನ್ನುವ ಸ್ಮಾರ್ಟ್ ಹೋಮ್ ಮಾನದಂಡಗಳೆರಡರಲ್ಲೂ 100% ಅಂದರೆ ಪೂರ್ತಿ ಮುಚ್ಚಿದ್ದು. ಹೋಮ್ ಅಸಿಸ್ಟೆಂಟ್ ಅನ್ನುವ ಸಾಫ್ಟ್‌ವೇರ್‌ನಲ್ಲಿ 100 ಅಂದರೆ ಪೂರ್ತಿ ತೆರೆದಿದ್ದು. ನಮ್ಮ ಟೂಲ್ ಎರಡನೇ ಜಾತಿಯದ್ದು. ಅದನ್ನು ನಾನು ಹೇಳಿರಲಿಲ್ಲ, ಏಜೆಂಟ್ ಊಹಿಸಿತು.

ಡೆವಲಪರ್ ಆಗಿದ್ದರೆ ಒಮ್ಮೆ ಓಡಿಸಿ ನೋಡಿ, ನನಗೆ ಎರಡು ಮಾತು ಬೈದು, ಸರಿಮಾಡಿಕೊಳ್ಳುತ್ತಿದ್ದರು. ಏಜೆಂಟ್‌ಗೆ ಪರದೆ ಕಾಣುವುದಿಲ್ಲ. ಅದಕ್ಕೆ ಗೊತ್ತಿರುವುದು ನಾನು ಬರೆದ ಸಾಲು ಮತ್ತು ಟೂಲ್ ಕೊಟ್ಟ ಉತ್ತರ ಮಾತ್ರ.

ಆಮೇಲೆ ಒಂದೊಂದೇ ಸಂಖ್ಯೆಯ ಹಿಂದೆ ಬಿದ್ದೆ. ಲೈಟಿನ ಬೆಳಕು ಒಂದು ಕಡೆ 0ರಿಂದ 100, ಇನ್ನೊಂದು ಕಡೆ 0ರಿಂದ 255. ‘ಬೆಳಕು 50 ಮಾಡು’ ಅಂದಾಗ 255ರ ಅಳತೆಯಲ್ಲಿ 50 ಹೋದರೆ ಅದು ಸುಮಾರು 20% ಅಷ್ಟೇ. ಬಣ್ಣದ ತಾಪಮಾನ ಇನ್ನೂ ಮಜಾ. ಕೆಲ್ವಿನ್ ಜಾಸ್ತಿಯಾದರೆ ಬೆಳಕು ಬಿಳಿ-ನೀಲಿ ಕಡೆ ಹೋಗುತ್ತದೆ. ಅದೇ ತಾಪಮಾನದ ಇನ್ನೊಂದು ಅಳತೆಯಾದ ಮೈರೆಡ್ ಜಾಸ್ತಿಯಾದರೆ ಹಳದಿ ಕಡೆ. ಹತ್ತು ಲಕ್ಷವನ್ನು ಕೆಲ್ವಿನ್‌ನಿಂದ ಭಾಗಿಸಿದರೆ ಮೈರೆಡ್ ಬರುತ್ತದೆ, ಹಾಗಾಗಿ 2700 ಕೆಲ್ವಿನ್ ಅಂದರೆ ಸುಮಾರು 370 ಮೈರೆಡ್. ಈಗ ಪ್ಯಾರಾಮೀಟರ್ (ಟೂಲಿಗೆ ಕೊಡುವ ಮೌಲ್ಯ) ಹೆಸರಿನಲ್ಲೇ ಅಳತೆ ಸೇರಿಸಿದ್ದೇವೆ. ಅತಿ ಕಡಿಮೆ, ಅತಿ ಹೆಚ್ಚು ಎಷ್ಟು ಅನ್ನುವುದು ಸ್ಕೀಮಾದಲ್ಲಿ, ಅಂದರೆ ಟೂಲ್ ಯಾವ ಮೌಲ್ಯ ಒಪ್ಪುತ್ತದೆ ಅನ್ನುವ ವಿವರಪಟ್ಟಿಯಲ್ಲಿ, ಇದೆ. ಮಿತಿ ಮೀರಿದರೆ ಟೂಲೇ ತಡೆಯುತ್ತದೆ.

ಟಾಗಲ್ (ಆನ್ ಇದ್ದರೆ ಆಫ್, ಆಫ್ ಇದ್ದರೆ ಆನ್ ಮಾಡುವ ಆದೇಶ) ಬಗ್ಗೆ ಸಹೋದ್ಯೋಗಿಯೊಬ್ಬರ ಜೊತೆ ದೊಡ್ಡ ಜಗಳವೇ ಆಯಿತು. ನೆಟ್‌ವರ್ಕ್ ನಿಧಾನವಾಗಿ, ಉತ್ತರ ಸಮಯಕ್ಕೆ ಬಾರದೆ ಟೈಮ್‌ಔಟ್ ಬಂದಿತ್ತು. ಏಜೆಂಟ್ ಮತ್ತೆ ಟಾಗಲ್ ಕಳಿಸಿತು. ಮೊದಲನೆಯದೂ ತಲುಪಿತ್ತು ನೋಡಿ, ಹೊತ್ತಿದ ಲೈಟು ಆರಿತು. ಟಾಗಲ್ ಅನ್ನೇ ತೆಗೆದುಹಾಕಿ, ‘ಆನ್’ ‘ಆಫ್’ ಎರಡೇ ಇರಲಿ ಅಂದೆ. ಅವನ್ನು ಹತ್ತು ಸಲ ಕಳಿಸಿದರೂ ಫಲ ಒಂದೇ. ‘ನೀವು ಡಾಕ್ಯುಮೆಂಟೇಶನ್ ಬರೆಯೋರಾ, ಡಿಸೈನ್ ಮಾಡೋರಾ?’ ಅಂತ ಕೇಳಿದರು. ನನಗೂ ಗೊತ್ತಿರಲಿಲ್ಲ. ಆದರೆ ‘ಟೈಮ್‌ಔಟ್ ಆದರೆ ಮತ್ತೆ ಕಳಿಸಬೇಡ, ಮೊದಲು ಸ್ಥಿತಿ ಓದು, ಆಮೇಲೆ...’ ಅಂತ ನಾಲ್ಕು ಸಾಲು ಎಚ್ಚರಿಕೆ ಬರೆಯಬೇಕಾಗಿದೆ ಅಂದರೆ ಟೂಲಿನಲ್ಲೇ ಏನೋ ಎಡವಟ್ಟಿದೆ ಅಲ್ವಾ? ಟಾಗಲ್ ಹೋಯಿತು.

ಉತ್ತರಗಳ ಕಡೆ ನಾನು ತಡವಾಗಿ ಗಮನ ಕೊಟ್ಟೆ. ನಮ್ಮ ಟೂಲ್ ಎಲ್ಲದಕ್ಕೂ ‘ಸಕ್ಸೆಸ್’ ಅನ್ನುತ್ತಿತ್ತು. ಅದರ ಅರ್ಥ ಹಬ್ (ಉಪಕರಣಗಳಿಗೆಲ್ಲ ಆದೇಶ ತಲುಪಿಸುವ ಪೆಟ್ಟಿಗೆ) ಆದೇಶ ತೆಗೆದುಕೊಂಡಿತು ಅಂತ ಮಾತ್ರ. ಗೋಡೆಯ ಸ್ವಿಚ್ ಯಾರೋ ಆರಿಸಿದ್ದರೆ ಬಲ್ಬಿಗೆ ಕರೆಂಟೇ ಇರುವುದಿಲ್ಲ, ಆದರೂ ಏಜೆಂಟ್ ‘ಲೈಟ್ ಹಾಕಿದ್ದೇನೆ’ ಅಂತ ಧೈರ್ಯವಾಗಿ ಹೇಳುತ್ತಿತ್ತು. ಈಗ ಉತ್ತರದಲ್ಲಿ ಉಪಕರಣದ ನಿಜವಾದ ಸ್ಥಿತಿ ಬರುತ್ತದೆ. ‘ಆಫ್’ ಬೇರೆ, ‘ಸಂಪರ್ಕವಿಲ್ಲ’ ಬೇರೆ. ಎರಡನೆಯದು ಬಂದರೆ ಬಳಕೆದಾರರಿಗೆ ತಿಳಿಸು ಅಂತ ಅಲ್ಲೇ ಬರೆದಿದೆ. ತಪ್ಪು ಕೋಣೆಯ ಹೆಸರು ಕೊಟ್ಟರೆ ಸುಮ್ನೆ ‘ಎರರ್’ ಅನ್ನದೆ ಇರುವ ಕೋಣೆಗಳ ಹೆಸರು ಕೊಡುತ್ತದೆ. ಏಜೆಂಟ್ ಅದರಲ್ಲಿ ಸರಿಯಾದದ್ದನ್ನು ಆರಿಸಿಕೊಳ್ಳುತ್ತದೆ.

ಬಾಗಿಲ ಬೀಗಕ್ಕೆ ‘ಕೇಳದೆ ತೆಗೆಯಬೇಡ’ ಅಂತ ದಪ್ಪಕ್ಷರದಲ್ಲಿ ಬರೆದು ನಿಶ್ಚಿಂತೆಯಿಂದಿದ್ದೆ. ಅದು ಸಾಲದು. 2024ರ ನವೆಂಬರ್‌ನಲ್ಲಿ ಬಂದ, ಏಜೆಂಟ್‌ಗೆ ಟೂಲ್‌ಗಳನ್ನು ಜೋಡಿಸುವ ಎಂಸಿಪಿ ಅನ್ನುವ ಮಾನದಂಡದಲ್ಲಿ ಈಗ ‘ಇದು ಅಪಾಯದ ಟೂಲ್’ ಅಂತ ಗುರುತು ಹಾಕಬಹುದು, ಆದರೆ ಅದರ ಹೆಸರಲ್ಲೇ ‘ಹಿಂಟ್’ (ಬರೀ ಸೂಚನೆ) ಅಂತಿದೆ. ಬೀಗ ತೆಗೆಯಲು ಮನುಷ್ಯರ ಒಪ್ಪಿಗೆ ಬೇಕು ಅನ್ನುವುದು ಈಗ ಕೋಡ್‌ನಲ್ಲಿದೆ.

ಇಷ್ಟೆಲ್ಲ ಆದ ಮೇಲೆ ಹೆದರಿಕೊಂಡು ಪುಟಗಟ್ಟಲೆ ಬರೆಯಲು ಶುರುಮಾಡಿದ್ದೂ ಉಂಟು. ಏಜೆಂಟ್ ಇನ್ನಷ್ಟು ಗೊಂದಲಕ್ಕೆ ಬಿತ್ತು, ಹಲವು ಲೈಟುಗಳನ್ನು ಒಟ್ಟಿಗೆ ಹೊಂದಿಸುವ ‘ದೃಶ್ಯ’ದ ಟೂಲ್ ಬಿಟ್ಟು ಲೈಟುಗಳನ್ನು ಒಂದೊಂದಾಗಿ ಹಾಕತೊಡಗಿತು. ಈಗ ಒಂದು ಸಾಲು ಅಳಿಸಿ, ಅದೇ ಮಾತುಗಳಿಂದ ಮತ್ತೆ ಪರೀಕ್ಷಿಸುತ್ತೇನೆ. ವ್ಯತ್ಯಾಸ ಕಾಣದಿದ್ದರೆ ಆ ಸಾಲು ವಾಪಸ್ ಬರುವುದಿಲ್ಲ.

ಮೊನ್ನೆ ಹೊಸ ಬ್ಲೈಂಡ್ ಬಂತು. ಅದರ ಪಟ್ಟಿಗಳನ್ನು ಓರೆ ಮಾಡಲು ಬೇರೆಯೇ ಒಂದು ಸಂಖ್ಯೆ, ಅದೂ 0ರಿಂದ 100. ಎದ್ದು ಹೋಗಿ ಕಿಟಕಿಯ ಪಕ್ಕ ನಿಂತು, 100 ಕಳಿಸಿ ನೋಡಿ ಬಂದೆ. ಆಮೇಲೆ ಬರೆಯಲು ಕೂತೆ.