ಹಾಡು ಕೇಳಿ ಯಾರಾದರೂ ಕತ್ತಿ ಹಿಡಿಯುತ್ತಾರಾ?

ಉಗ್ರ ರಾಜಕಾರಣದ ಹಾಡು, ಘೋಷಣೆಗಳ ಬಗ್ಗೆ ನಾನು ಬರೆಯುತ್ತೇನೆಂದು ಗೊತ್ತಾದವರೆಲ್ಲ ಕೇಳುವುದು ಇದೊಂದನ್ನೇ. ನನ್ನ ಉತ್ತರ: ಇಲ್ಲ, ಬರೀ ಹಾಡು ಕೇಳಿ ಯಾರೂ ಕತ್ತಿ ಹಿಡಿಯುವುದಿಲ್ಲ. ಅಂಥ ಹಾಡು ಕಟ್ಟುವವರಿಗೂ ಅದು ಚೆನ್ನಾಗಿಯೇ ಗೊತ್ತು. ಒಬ್ಬನೇ ಇದ್ದಾಗ ಆಡಲು ನಾಚುವ ಮಾತನ್ನು ನೂರು ಜನರ ನಡುವೆ ಗಂಟಲು ಹರಿಯುವಂತೆ ಕೂಗಿಸಿದರೆ ಅವರ ಕೆಲಸ ಮುಗಿಯಿತು.

ರುವಾಂಡದ ಸಿಮೋನ್ ಬಿಕಿಂಡಿಯನ್ನೇ ನೋಡಿ. ಹೆಸರುವಾಸಿ ಹಾಡುಗಾರ, ಸ್ವಂತ ಕುಣಿತದ ತಂಡವಿದ್ದವನು. ಬಹುಸಂಖ್ಯಾತ ಹುಟುಗಳಲ್ಲಿನ ಉಗ್ರರು ಅಲ್ಪಸಂಖ್ಯಾತ ಟುಟ್ಸಿ ಜನಾಂಗದವರನ್ನು ಕೊಂದ 1994ರ ನರಮೇಧದ ದಿನಗಳಲ್ಲಿ ಆ ಉಗ್ರರ ಆರ್‌ಟಿಎಲ್‌ಎಂ ರೇಡಿಯೋ ಅವನ ಹಾಡುಗಳನ್ನು ಮತ್ತೆ ಮತ್ತೆ ಹಾಕುತ್ತಿತ್ತು. ಅವು ಅದಕ್ಕೂ ಮುಂಚೆಯೇ ಕಟ್ಟಿದ ಹಾಡುಗಳು. ಟುಟ್ಸಿಗಳನ್ನು ಕೊಲ್ಲಿ ಎಂದು ಅವುಗಳಲ್ಲಿ ನೇರವಾಗಿ ಹೇಳಿಲ್ಲ. ಅತಿ ಕುಖ್ಯಾತವಾದ ಹಾಡಿನಲ್ಲಂತೂ ಹುಟು ಆದ ಅವನು ಬೈಯುವುದು ಹುಟುಗಳನ್ನೇ: ತಮ್ಮತನ ಮರೆತವರು, ತಮ್ಮವರನ್ನೇ ಕೀಳಾಗಿ ಕಾಣುವವರು ಇವರು ಅಂತ. ನನಗೆ ಭಯ ಹುಟ್ಟಿಸುವುದು ಇದೇ. ಶತ್ರುವಿನ ಸರದಿ ಆಮೇಲೆ. ಮೊದಲು 'ಇದು ಸರಿಯಾ?' ಎಂದು ಯೋಚಿಸುತ್ತಿರುವ ನಮ್ಮವನ ಬಾಯಿ ಮುಚ್ಚಬೇಕು. ರುವಾಂಡದಲ್ಲಿ ಕೊಲೆಗೆ ಒಪ್ಪದ ಹುಟುಗಳೂ ಸತ್ತರು.

ಹಾಡಿನ ಇನ್ನೊಂದು ಕೆಲಸ ಸತ್ತವರನ್ನು ಮೆರವಣಿಗೆಗೆ ತರುವುದು. ಬರ್ಲಿನ್ನಿನ ನಾಜಿ ತರುಣ ಹಾರ್ಸ್ಟ್ ವೆಸೆಲ್ 1929ರಲ್ಲಿ ಒಂದು ನಡಿಗೆ ಹಾಡು ಬರೆದ. ಮಡಿದ ಸಂಗಾತಿಗಳು ಕಣ್ಣಿಗೆ ಕಾಣದಿದ್ದರೂ ನಮ್ಮ ಸಾಲಿನಲ್ಲೇ ಹೆಜ್ಜೆ ಹಾಕುತ್ತಿದ್ದಾರೆ ಎಂಬುದು ಅದರ ಭಾವ. ಧಾಟಿ ಅವನದಲ್ಲ, ಜನರ ಬಾಯಲ್ಲಿ ಆಗಲೇ ಇದ್ದದ್ದು. (ಈ ಮಂದಿ ಹೊಸ ಧಾಟಿಗೆ ಕೈ ಹಾಕುವುದೇ ಕಡಿಮೆ, ಹಳೆಯದಾದರೆ ಕಲಿಸುವ ಶ್ರಮವಿಲ್ಲ.) 1930ರ ಜನವರಿಯಲ್ಲಿ ಅವನಿಗೆ ಗುಂಡು ಬಿತ್ತು, ಫೆಬ್ರವರಿಯಲ್ಲಿ ತೀರಿಕೊಂಡ. ನಾಜಿ ಪ್ರಚಾರದ ರೂವಾರಿ ಗೋಬೆಲ್ಸ್‌ಗೆ ಇನ್ನೇನು ಬೇಕಿತ್ತು? ಹಾಡು ಬರೆದವನೇ ಹಾಡಿನೊಳಗಿನ ಹುತಾತ್ಮನಾದ. 1933ರ ನಂತರ ಅದನ್ನು ರಾಷ್ಟ್ರಗೀತೆಯ ಜೊತೆಜೊತೆಗೇ ಹಾಡಿಸಿದರು. ಸತ್ತವರೂ ಸಾಲಿನಲ್ಲಿದ್ದಾರೆ ಅಂದಮೇಲೆ ಬದುಕಿರುವವನು ಸಾಲು ಬಿಟ್ಟು ಹೋಗುವುದು ಹೇಗೆ? ವಾದಕ್ಕೆ ಎದುರುವಾದ ಹೂಡಬಹುದು, ಪಲ್ಲವಿಗೆ ಎದುರಾಡಲು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲು ಬಂದಿರುತ್ತದೆ.

ಘೋಷಣೆಯದೂ ಅದೇ ಕಸುಬು, ಇನ್ನಷ್ಟು ಚುಟುಕಾಗಿ. 1919ರಲ್ಲಿ ಫಿಯುಮೆ ನಗರವನ್ನು ವಶಪಡಿಸಿಕೊಂಡ ಇಟಲಿಯ ಕವಿ ದನುನ್ಸಿಯೋ ಉಪ್ಪರಿಗೆಯ ಮೇಲೆ ನಿಂತು ಪ್ರಶ್ನೆ ಎಸೆಯುತ್ತಿದ್ದ, ಕೆಳಗಿನ ಜನ ಒಕ್ಕೊರಲಿನಿಂದ ಉತ್ತರ ಕೂಗುತ್ತಿದ್ದರು. ಉತ್ತರ ಮೊದಲೇ ನಿಗದಿ. ಆದರೂ ಕೂಗಿದವನಿಗೆ ತನ್ನನ್ನು ಕೇಳಿಯೇ ತೀರ್ಮಾನಿಸಿದರು ಅನ್ನಿಸುತ್ತದೆ. ಮುಸೊಲಿನಿಯ ಫ್ಯಾಸಿಸ್ಟರು ಆ ವರಸೆಯನ್ನು ಹಾಗೇ ಎತ್ತಿಕೊಂಡರು. ಒಕ್ಕೊರಲಿದ್ದರೆ ವಾದ್ಯವೂ ಬೇಕಿಲ್ಲ. ಐಸಿಸ್ ಸಂಘಟನೆಯ ನಶೀದ್‌ಗಳಲ್ಲಿ, ಅಂದರೆ ಧಾರ್ಮಿಕ ಹಾಡುಗಳಲ್ಲಿ, ವಾದ್ಯವೇ ಇಲ್ಲ, ಅವರ ಕಟ್ಟುನಿಟ್ಟಿನ ಧರ್ಮವ್ಯಾಖ್ಯಾನಕ್ಕೆ ಅದು ನಿಷಿದ್ಧ. ಬರೀ ಕಂಠಗಳ ಹಿಮ್ಮೇಳ ಸಾಕು.

"ಹಾಗಾದರೆ ಎಲ್ಲ ನಿಷೇಧಿಸಬೇಕಾ?" ಇದು ಹಿಂದೆಯೇ ಬರುವ ಪ್ರಶ್ನೆ. ಜರ್ಮನಿಯಲ್ಲಿ ವೆಸೆಲ್ ಹಾಡನ್ನು ಬಹಿರಂಗವಾಗಿ ಹಾಡುವುದು ಇಂದಿಗೂ ಅಪರಾಧ. ಆ ದೇಶಕ್ಕೆ ಅದರದೇ ಕಾರಣಗಳಿವೆ, ನನ್ನ ತಕರಾರಿಲ್ಲ. ಆದರೆ ನನ್ನ ಮನಸ್ಸು ವಾಲುವುದು ಬಿಕಿಂಡಿಯ ತೀರ್ಪಿನ ಕಡೆಗೆ. ಅವನ ಹಾಡುಗಳು ಜನಾಂಗದ್ವೇಷಕ್ಕೆ ಕುಮ್ಮಕ್ಕು ಕೊಟ್ಟವೆಂದು ವಿಶ್ವಸಂಸ್ಥೆಯ ನ್ಯಾಯಮಂಡಳಿ ಒಪ್ಪಿತು. ಆದರೂ 2008ರಲ್ಲಿ 15 ವರ್ಷ ಶಿಕ್ಷೆ ಕೊಟ್ಟದ್ದು ಹಾಡುಗಳಿಗಲ್ಲ. 1994ರ ಜೂನ್ ಕೊನೆಯಲ್ಲಿ ಧ್ವನಿವರ್ಧಕ ಕಟ್ಟಿದ ವಾಹನದಲ್ಲಿ ರಸ್ತೆಯುದ್ದಕ್ಕೂ ಹೋಗುತ್ತಾ, ಉಳಿದ ಟುಟ್ಸಿಗಳನ್ನೂ ಮುಗಿಸಿಬಿಡಿ ಎಂದು ಅವನು ಕೂಗಿದ್ದಕ್ಕೆ. ಅಷ್ಟು ಹೊತ್ತಿಗೆ ಹಾಡಿನ ಕೆಲಸ ಮುಗಿದಿತ್ತು, ಅವನು ಗದ್ಯದಲ್ಲಿ ಮಾತಾಡಬಹುದಿತ್ತು.